ಕೆಸರಿನಲ್ಲಿ ಸಿಕ್ಕ ಬ್ಯಾಕ್ಟೀರಿಯಾ ಹೊಸ ಪ್ರಭೇದವೇ?

ಪ್ರಶ್ನೆ: ಕೊಳಚೆ ನೀರು ಶುದ್ಧೀಕರಣ ಘಟಕದ ಕೆಸರಿನಿಂದ ಬೇರ್ಪಡಿಸಿದ ಬ್ಯಾಕ್ಟೀರಿಯಾವೊಂದರ, ಗುರುತು ಹಚ್ಚಲು ಬಳಸುವ 16ಎಸ್ ಆರ್‌ಆರ್‌ಎನ್‌ಎ ಜೀನ್, ಡೇಟಾಬೇಸಿನಲ್ಲಿರುವ ಅತಿ ಹತ್ತಿರದ ಬ್ಯಾಕ್ಟೀರಿಯಾಕ್ಕೆ ಶೇ 98ರಷ್ಟು ಹೋಲುತ್ತದೆ. ಇದನ್ನು ಹೊಸ ಪ್ರಭೇದವೆಂದು ಘೋಷಿಸಬಹುದೇ?

ಉತ್ತರ: ಹೊಸದಾಗಿರುವ ಸಾಧ್ಯತೆ ಬಲವಾಗಿದೆ, ಆದರೆ ಘೋಷಣೆಗೆ ಇಷ್ಟು ಸಾಲದು. ಮೊದಲು ನೋಡಬೇಕಾದದ್ದು ಆ ಶೇ 98 ಯಾವುದರ ಜೊತೆಗಿನ ಹೋಲಿಕೆ ಎಂಬುದನ್ನು. ಡೇಟಾಬೇಸಿನಲ್ಲಿ ಎಂದೂ ಬೆಳೆಸಿರದ ಜೀವಿಗಳ ತುಣುಕುಗಳೂ ತಪ್ಪು ಹೆಸರು ಹೊತ್ತ ತಳಿಗಳೂ ಬೇಕಾದಷ್ಟಿವೆ. ತೂಕವಿರುವುದು ಆಯಾ ಪ್ರಭೇದದ ಅಧಿಕೃತ ಮಾದರಿ ತಳಿಯ (ಆ ಪ್ರಭೇದದ ಹೆಸರಿಗೆ ಆಧಾರವಾಗಿ ಇಟ್ಟಿರುವ ತಳಿಯ) ಜೊತೆಗಿನ ಹೋಲಿಕೆಗೆ ಮಾತ್ರ.

ಈ ಜೀನ್ ಸುಮಾರು 1,500 ಅಕ್ಷರಗಳಷ್ಟು, ಅಂದರೆ ಡಿಎನ್‌ಎಯ ಘಟಕಗಳಾದ ನ್ಯೂಕ್ಲಿಯೊಟೈಡ್‌ಗಳಷ್ಟು, ಉದ್ದವಿರುತ್ತದೆ. ಹೋಲಿಕೆ ಶೇ 98.7ಕ್ಕಿಂತ ಕಡಿಮೆಯಾದರೆ, ಅಂದರೆ ಸುಮಾರು 20 ಅಕ್ಷರಗಳಿಗಿಂತ ಹೆಚ್ಚು ವ್ಯತ್ಯಾಸ ಕಂಡರೆ, ಬೇರೆ ಪ್ರಭೇದವೆಂದು ಶಂಕಿಸುವುದು ರೂಢಿ. ಹೋಲಿಕೆ ಅದಕ್ಕಿಂತ ಹೆಚ್ಚಿದ್ದ ಮಾತ್ರಕ್ಕೆ ಎರಡೂ ಒಂದೇ ಎನ್ನುವಂತಿಲ್ಲ: ಅಂತ್ರಾಕ್ಸ್ ರೋಗ ತರುವ ಬ್ಯಾಸಿಲಸ್ ಅಂತ್ರಾಸಿಸ್ ಮತ್ತು ಆಹಾರ ಕೆಡಿಸುವ ಬ್ಯಾಸಿಲಸ್ ಸೀರಿಯಸ್‌ಗಳ ಈ ಜೀನ್ ಹೆಚ್ಚುಕಡಿಮೆ ಒಂದೇ ಆಗಿದೆ. ಆದ್ದರಿಂದ ಇಡೀ ಜೀನೋಮನ್ನೇ ಓದಿ, ಹತ್ತಿರದ ಎಲ್ಲ ಮಾದರಿ ತಳಿಗಳ ಜೀನೋಮ್‌ಗಳೊಂದಿಗೆ ತಾಳೆ ನೋಡುತ್ತಾರೆ. ಸರಾಸರಿ ನ್ಯೂಕ್ಲಿಯೊಟೈಡ್ ಹೋಲಿಕೆ (ಎರಡು ಜೀನೋಮ್‌ಗಳ ಸಮಾನ ಭಾಗಗಳ ಅಕ್ಷರಗಳು ಸರಾಸರಿ ಎಷ್ಟು ಹೊಂದುತ್ತವೆ ಎಂಬ ಲೆಕ್ಕ) ಶೇ 95–96ಕ್ಕಿಂತಲೂ, ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದ ಡಿಎನ್‌ಎ ಸಂಕರಣದ (ಎರಡು ಜೀವಿಗಳ ಡಿಎನ್‌ಎ ಎಷ್ಟರಮಟ್ಟಿಗೆ ಒಂದಕ್ಕೊಂದು ಜೋಡಿಯಾಗುತ್ತದೆ ಎಂಬುದರ) ಮೌಲ್ಯ ಶೇ 70ಕ್ಕಿಂತಲೂ ಕೆಳಗಿದ್ದರೆ ಹೊಸ ಪ್ರಭೇದವೆಂಬ ವಾದ ಗಟ್ಟಿಯಾಗುತ್ತದೆ.

ಕೆಸರಿನ ವಿಷಯದಲ್ಲಿ ಇದೆಲ್ಲಕ್ಕೂ ಮುಂಚಿನ ತೊಡಕೊಂದಿದೆ. ಅಲ್ಲಿ ಬ್ಯಾಕ್ಟೀರಿಯಾಗಳು ತಾವೇ ಸ್ರವಿಸಿದ ಅಂಟಿನಲ್ಲಿ ಮುದ್ದೆಗಟ್ಟಿ ಬದುಕುವುದರಿಂದ, ಬ್ಯಾಕ್ಟೀರಿಯಾ ಬೆಳೆಸುವ ಅಗರ್ ತಟ್ಟೆಯ ಮೇಲೆ ಒಂಟಿಯಾಗಿ ಕಾಣುವ ದುಂಡನೆಯ ಕಾಲೊನಿಯೊಳಗೂ ಎರಡು ಬಗೆಯ ಕೋಶಗಳು ಅಡಗಿರಬಹುದು. ಮುದ್ದೆಯನ್ನು ಚೆನ್ನಾಗಿ ಒಡೆದು, ಮತ್ತೆ ಮತ್ತೆ ಹೊಸ ತಟ್ಟೆಯ ಮೇಲೆ ಗೀರೆಳೆದು ಹರಡಿ ಶುದ್ಧೀಕರಿಸದಿದ್ದರೆ ಮುಂದಿನ ಅಂಕಿಗಳಾವುವನ್ನೂ ನಂಬುವಂತಿಲ್ಲ. ಅವಸರ ಮಾಡಲೇಬಾರದ ಹಂತ ಇದೇ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಬೆಳೆಯುವ ಉಷ್ಣಾಂಶ, ಪಿಎಚ್, ಉಪ್ಪಿನ ಮಿತಿ, ಕೋಶಪೊರೆಯ ಕೊಬ್ಬಿನಾಮ್ಲಗಳು, ಉಸಿರಾಟದಲ್ಲಿ ನೆರವಾಗುವ ಕ್ವಿನೋನ್‌ಗಳು ಇವನ್ನೂ ದಾಖಲಿಸಬೇಕು. ತಳಿಯನ್ನು ಎರಡು ಬೇರೆ ಬೇರೆ ದೇಶಗಳ ಸೂಕ್ಷ್ಮಜೀವಿ ಸಂಗ್ರಹಾಲಯಗಳಲ್ಲಿ ಠೇವಣಿ ಇಡುವುದು ಕಡ್ಡಾಯ, ಏಕೆಂದರೆ ಹೊಸ ಪ್ರಭೇದವೆಂಬ ಹೇಳಿಕೆಯನ್ನು ಬೇರೆಯವರು ಪರೀಕ್ಷಿಸಲು ಜೀವಂತ ತಳಿಯೇ ಕೈಗೆ ಸಿಗಬೇಕು.

ಶುದ್ಧವಾಗಿ ಬೆಳೆಸಲಾಗದ ಜೀವಿಗಳ ಪಾಡು ಬೇರೆ. ಕೊಳಚೆ ನೀರಿನಿಂದ ರಂಜಕವನ್ನು ಹೀರಿಕೊಳ್ಳುವ ಅಕ್ಯುಮ್ಯುಲಿಬ್ಯಾಕ್ಟರ್‌ನಷ್ಟು ಹೆಸರುವಾಸಿಯಾದದ್ದೂ ‘ಕ್ಯಾಂಡಿಡೇಟಸ್’ ಎಂಬ ತಾತ್ಕಾಲಿಕ ದರ್ಜೆಯಲ್ಲೇ ಗುರುತಿಸಿಕೊಂಡಿದೆ. 2022ರಲ್ಲಿ ಬಂದ ಸೀಕ್‌ಕೋಡ್ ಎಂಬ ಪ್ರತ್ಯೇಕ ನಿಯಮಾವಳಿಯು ಉತ್ತಮ ಗುಣಮಟ್ಟದ ಜೀನೋಮನ್ನೇ ಮಾದರಿಯಾಗಿ ಒಪ್ಪಿ ಹೆಸರಿಡಲು ಅವಕಾಶ ಕೊಡುತ್ತದೆ. ನಿಮ್ಮ ಬ್ಯಾಕ್ಟೀರಿಯಾ ತಟ್ಟೆಯ ಮೇಲೆ ಬೆಳೆಯುತ್ತಿರುವುದರಿಂದ ಆ ದಾರಿ ಹಿಡಿಯುವ ಅಗತ್ಯವಿಲ್ಲ.