ಗದ್ದದ ಕೆಳಗಿನ ನೆರಳು

ಮದುಮಗಳ ಅಲಂಕಾರದ ಕೆಲಸವನ್ನು ನಾನು ಶುರು ಮಾಡಿದ ಹೊಸತು. ತೀರ್ಥಹಳ್ಳಿ ಕಡೆಯ ಒಂದು ಮನೆಯಲ್ಲಿ ಬೆಳಗಿನ ಜಾವ ನಾಲ್ಕಕ್ಕೆ, ಒಳಕೋಣೆಯ ಟ್ಯೂಬ್‌ಲೈಟಿನ ಕೆಳಗೆ ಕೂತು ಹುಡುಗಿಯ ಮುಖ ಸಿದ್ಧಪಡಿಸಿದೆ. ಕನ್ನಡಿಯಲ್ಲಿ ಚೆನ್ನಾಗಿಯೇ ಕಂಡಿತ್ತು. ಮುಹೂರ್ತದ ಹೊತ್ತಿಗೆ ಅವಳು ಅಂಗಳದ ಚಪ್ಪರದಡಿ ಬಂದು ನಿಂತಾಗ ಮಾತ್ರ ಎರಡೂ ಕೆನ್ನೆಗಳ ಮೇಲೆ ಕಂದು ಪಟ್ಟಿಗಳು ಎದ್ದು ಕಾಣುತ್ತಿದ್ದವು. ಅವಳ ಅಜ್ಜಿ ನನ್ನನ್ನು ಪಕ್ಕಕ್ಕೆ ಕರೆದು, "ಮಗಳೇ, ಹುಡುಗಿಯ ಕೆನ್ನೆಗೆ ಮಸಿ ತಾಗಿದೆ, ಸ್ವಲ್ಪ ಒರೆಸಿಬಿಡು" ಎಂದರು.

ಅಂದು ನಾನು ಬಳಸಿದ್ದು ಪುಡಿಯ ಕಾಂಟೂರ್. ಕಾಂಟೂರ್ ಎಂದರೆ ಮುಖದ ಏರುತಗ್ಗು ಎದ್ದು ಕಾಣಲೆಂದು ನೆರಳಿನಂತೆ ಹಚ್ಚುವ ಗಾಢ ಬಣ್ಣ. ಟ್ಯೂಬ್‌ಲೈಟಿನಂತೆ ಸಮನಾಗಿ ಬೀಳುವ ಬೆಳಕಿನಲ್ಲಿ ಮುಖದ ಏರುತಗ್ಗು ಅಳಿಸಿದಂತಾಗುತ್ತದೆ. ಅದನ್ನು ಮರಳಿ ತರಲು ಕೈ ತಾನಾಗಿಯೇ ಹೆಚ್ಚು ಬಣ್ಣ ಬಳಿಯುತ್ತದೆ. ಹಗಲಿನ ಬೆಳಕು ಬಂದೊಡನೆ ಆ ಹೆಚ್ಚಳವೆಲ್ಲ ಬಯಲಾಗುತ್ತದೆ. ಈಗ ಎಷ್ಟೇ ಬೇಗ ಕೆಲಸ ಶುರುವಾದರೂ ಕಾಂಟೂರ್ ಅನ್ನು ಮುಕ್ಕಾಲು ಪಾಲು ಮಾಡಿ ನಿಲ್ಲಿಸುತ್ತೇನೆ. ಬೆಳಕು ಹರಿದ ಮೇಲೆ ಹುಡುಗಿಯನ್ನು ಕಿಟಕಿಯ ಬಳಿ ಕೂರಿಸಿಕೊಂಡು ಉಳಿದದ್ದನ್ನು ಮುಗಿಸುತ್ತೇನೆ. ಹಾಗೆ ನಡುವೆ ನಿಲ್ಲಿಸಿ ಮತ್ತೆ ಕೈಹಚ್ಚುವುದು ಕ್ರೀಮ್‌ನಲ್ಲಿ ಸುಲಭ, ಪುಡಿಯಲ್ಲಿ ಅಷ್ಟು ಸುಲಭವಲ್ಲ.

ಕ್ರೀಮ್ ಕಾಂಟೂರ್ ಎಂದರೆ ಎಣ್ಣೆ ಮತ್ತು ಮೇಣದಲ್ಲಿ ಕಲಸಿದ ಬಣ್ಣ. ನಮ್ಮ ಕಡೆಯವರಿಗೆ ಇದು ಹೊಸತೇನಲ್ಲ. ಯಕ್ಷಗಾನದ ಚೌಕಿಯಲ್ಲಿ, ಅಂದರೆ ಬಣ್ಣ ಹಚ್ಚಿಕೊಳ್ಳುವ ಕೋಣೆಯಲ್ಲಿ, ಕಲಾವಿದರು ಬಣ್ಣದ ಪುಡಿಯನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಬೆರಳಿನಿಂದಲೇ ಮುಖಕ್ಕೆ ಹಚ್ಚಿಕೊಳ್ಳುವುದನ್ನು ನೋಡುತ್ತಲೇ ಬೆಳೆದವರು ನಾವು. ಆ ಬಣ್ಣ ರಂಗಸ್ಥಳದಿಂದ ದೂರ ಕೂತವರಿಗೂ ಕಾಣಬೇಕು. ನಮ್ಮದು ಎರಡಡಿ ದೂರದಲ್ಲಿ ನಿಂತು ಅಕ್ಷತೆ ಹಾಕುವವರಿಗೂ ಕಾಣಬಾರದು. ಎರಡರಲ್ಲೂ ಕೆಲಸ ಮಾಡುವುದು ಒಂದೇ ಗುಣ: ಮೈಯ ಬಿಸಿಗೆ ಮೇಣ, ಎಣ್ಣೆ ಮೆದುವಾಗಿ ಬಣ್ಣ ಚರ್ಮದೊಡನೆ ಬೆರೆಯುತ್ತದೆ. ಆದ್ದರಿಂದ ಕ್ರೀಮಿನ ಕಡ್ಡಿಯನ್ನು ನೇರವಾಗಿ ಕೆನ್ನೆಗೆ ಎಳೆಯಬೇಡಿ. ಅಂಗೈ ಹಿಂಭಾಗಕ್ಕೆ ತುಸು ತೆಗೆದುಕೊಂಡು, ಬೆರಳಿನಲ್ಲಿ ತಿಕ್ಕಿ ಬೆಚ್ಚಗಾಗಿಸಿ, ಆಮೇಲೆ ಮುಖಕ್ಕೆ ತನ್ನಿ.

ಯಾವ ಬಣ್ಣ ಕೊಳ್ಳಬೇಕು ಎಂದು ಎಲ್ಲರೂ ಕೇಳುತ್ತಾರೆ. ಕಿಟಕಿಯ ಪಕ್ಕ ನಿಂತು ನಿಮ್ಮ ಗದ್ದದ ಕೆಳಗೆ ಬೀಳುವ ನೆರಳನ್ನು ನೋಡಿಕೊಳ್ಳಿ. ಅದೇ ನಿಮ್ಮ ಕಾಂಟೂರ್ ಬಣ್ಣ. ಮೈಬಣ್ಣಕ್ಕಿಂತ ಒಂದೆರಡು ಛಾಯೆ ಗಾಢ, ಅಷ್ಟೇ. ಕಿತ್ತಳೆಯ ಹೊಳಪಿರುವುದು ಬ್ರಾಂಜರ್. ಬಿಸಿಲು ತಾಗಿದ ಕಳೆಗೆ ಅದು ಸರಿ, ನೆರಳಿಗೆ ಆಗದು. ತೀರಾ ಬೂದುಬಣ್ಣದ ಕಡ್ಡಿಗಳು ಬಿಳಿಚು ಚರ್ಮಕ್ಕೆ ಹೊಂದಬಹುದು, ನಮ್ಮ ಗೋಧಿ ಬಣ್ಣದ, ಎಣ್ಣೆಗಪ್ಪಿನ ಮುಖಗಳ ಮೇಲೆ ಅವು ಬೂದಿ ಬಳಿದಂತೆ ಕೂರುತ್ತವೆ. ಅರಿಶಿನ ಶಾಸ್ತ್ರದ ಮರುದಿನ ಇನ್ನೂ ಎಚ್ಚರ ಬೇಕು. ಚರ್ಮದಲ್ಲಿ ಉಳಿದ ಹಳದಿಯ ಮೇಲೆ ಬೂದು ಬಿದ್ದರೆ ಕೆನ್ನೆ ಹಸಿರುಗಟ್ಟಿದಂತೆ ಕಾಣುತ್ತದೆ. ಅಂಥ ಮುಖಕ್ಕೆ ನಾನು ತುಸು ಕೆಂಪು ಬೆರೆತ ಕಂದನ್ನೇ ಆರಿಸುತ್ತೇನೆ.

ಹಚ್ಚುವ ಜಾಗವನ್ನು ಕಣ್ಣಿಗಿಂತ ಬೆರಳು ಚೆನ್ನಾಗಿ ಹೇಳುತ್ತದೆ. ಕಿವಿಯ ಮುಂದಿನಿಂದ ಕೆನ್ನೆಮೂಳೆಯನ್ನು ಒತ್ತುತ್ತಾ ಬನ್ನಿ. ಮೂಳೆ ಮುಗಿದು ತಗ್ಗು ಶುರುವಾಗುವ ಅಂಚು ಸಿಗುತ್ತದೆ. ಬಣ್ಣ ಆ ಅಂಚಿನ ಮೇಲೆಯೇ ಇರಲಿ. ತಗ್ಗಿನೊಳಗೆ ಇಳಿದರೆ ಮುಖ ಬಾಡಿದಂತೆ, ಕಾಯಿಲೆಯಿಂದ ಎದ್ದು ಬಂದವರಂತೆ ಕಾಣುತ್ತದೆ. ಕಿವಿಯ ಬದಿಯಲ್ಲಿ ಹೆಚ್ಚು, ಮುಂದೆ ಬಂದಂತೆ ಕಡಿಮೆ, ಕಣ್ಣಿನ ಹೊರತುದಿಯ ನೇರಕ್ಕೆ ಬರುವಷ್ಟರಲ್ಲಿ ಏನೂ ಉಳಿಯಬಾರದು. ಸ್ಪಾಂಜನ್ನು ನೀರಿನಲ್ಲಿ ಅದ್ದಿ ಗಟ್ಟಿಯಾಗಿ ಹಿಂಡಿ, ತಟ್ಟುತ್ತಾ ಮೇಲಕ್ಕೆ ಹೋಗಿ. ಉಜ್ಜಿದರೆ ಕೆಳಗೆ ಮೊದಲೇ ಹಚ್ಚಿದ ಮೈಬಣ್ಣದ ಪದರ, ಅಂದರೆ ಫೌಂಡೇಶನ್, ಕಿತ್ತು ಬರುತ್ತದೆ. ಹಣೆಯ ಕೂದಲಂಚಿಗೆ, ದವಡೆಯ ಕೆಳಗೆ ಬೆರಳಲ್ಲಿ ಉಳಿದ ಬಣ್ಣವೇ ಸಾಕು. ಮೂಗಿನ ಎರಡು ಬದಿಗೆ ಗೆರೆ ಎಳೆಯುವುದನ್ನು ನಾನು ಬಿಟ್ಟೇ ಬಿಟ್ಟಿದ್ದೇನೆ. ಅಗಲ ಮೂಗಿನ ಹುಡುಗಿಯರು, "ಅಕ್ಕಾ, ಸ್ವಲ್ಪ ಸಣ್ಣ ಮಾಡಿ" ಎಂದು ಕೇಳುವಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಅದೇ ಮೂಗಿಗೆ ಮೂಗುತಿ ಎಷ್ಟು ಚೆನ್ನಾಗಿ ಒಪ್ಪುತ್ತದೆ ಎಂದು ಕನ್ನಡಿ ಹಿಡಿದು ತೋರಿಸುತ್ತೇನೆ.

ಕ್ರೀಮ್ ಮೊದಲು, ಅದನ್ನು ಕೂರಿಸುವ ಪುಡಿ ಆಮೇಲೆ. ಈ ಕ್ರಮ ತಪ್ಪಿದರೆ ಮುಖದ ಮೇಲೆ ಉಂಡೆಕಟ್ಟುತ್ತದೆ. ಆಗುಂಬೆ, ಹೊಸನಗರದ ಕಡೆ ಮಳೆ ಹಿಡಿದ ದಿನಗಳಲ್ಲಿ ಗಾಳಿಯೇ ಒದ್ದೆ. ಬೆವರು ಆರುವುದಿಲ್ಲ, ದಪ್ಪ ಕ್ರೀಮ್ ಜಾರುತ್ತದೆ. ಆಗ ತೆಳುವಾಗಿ ಒಂದು ಪದರ ಹಚ್ಚಿ, ಪುಡಿ ಒತ್ತಿ, ಅಷ್ಟಕ್ಕೇ ಬಿಡಿ. ಚಳಿಗಾಲದ ಒಣ ಚರ್ಮಕ್ಕೆ ಪುಡಿಯನ್ನು ಮೂಗು, ಹಣೆ, ಗದ್ದಕ್ಕೆ ಮಾತ್ರ ಒತ್ತಿದರೆ ಸಾಕು, ಕೆನ್ನೆಯ ಕ್ರೀಮ್ ಹಾಗೆಯೇ ಇರಲಿ.

ಹೊಸ ಕಡ್ಡಿಯನ್ನು ಮದುವೆಯ ದಿನವೇ ಮೊದಲ ಸಲ ಬಳಸಬೇಡಿ. ಎರಡು ಮೂರು ದಿನ ಮುಂಚೆ ಕಿವಿಯ ಹಿಂದೆ ಹಚ್ಚಿ ತುರಿಕೆ ಬರುತ್ತದೆಯೇ ನೋಡಿ. ರಾತ್ರಿ ಬಣ್ಣ ತೆಗೆಯುವಾಗ ಸೋಪಿನಿಂದ ತಿಕ್ಕುವುದು ಬೇಡ. ಮೇಣ ಕರಗುವುದು ಎಣ್ಣೆಯಲ್ಲಿ. ಚೌಕಿಯಲ್ಲಿ ವೇಷ ಕಳಚಿದವರು ಮಾಡುವಂತೆ ಅಂಗೈಗೆ ನಾಲ್ಕು ಹನಿ ಕೊಬ್ಬರಿ ಎಣ್ಣೆ ಹಾಕಿಕೊಂಡು ಮುಖದ ಮೇಲೆ ಮೆಲ್ಲಗೆ ಆಡಿಸಿ, ಮೆತ್ತನೆಯ ಬಟ್ಟೆಯಲ್ಲಿ ಒರೆಸಿ. ಮೊಡವೆಯ ಮುಖದವರು ಆಮೇಲೆ ಫೇಸ್‌ವಾಶ್ ಹಾಕಿ, ಎಣ್ಣೆ ಉಳಿಯದಂತೆ ತೊಳೆದುಕೊಂಡೇ ಮಲಗಿ.