ಸಿಟ್ಟು ಜನರದು, ದಿಕ್ಕು ನಾಯಕರದು: 9/11ರಿಂದ ಇರಾಕ್ ಯುದ್ಧದವರೆಗೆ

2001ರ ಸೆಪ್ಟೆಂಬರ್ 11, ಮಧ್ಯಾಹ್ನ 2 ಗಂಟೆ 40 ನಿಮಿಷ. ನ್ಯೂಯಾರ್ಕಿನ ಅವಳಿ ಗೋಪುರಗಳು ಕುಸಿದು ಇನ್ನೂ ನಾಲ್ಕು ಗಂಟೆ ಚಿಲ್ಲರೆ ಆಗಿತ್ತು. ಪೆಂಟಗನ್ ಕಟ್ಟಡದ ಒಂದು ಬದಿ ಉರಿಯುತ್ತಲೇ ಇತ್ತು. ಅದೇ ಹೊತ್ತಿಗೆ ಅಮೆರಿಕದ ರಕ್ಷಣಾ ಸಚಿವ ಡೊನಾಲ್ಡ್ ರಮ್ಸ್‌ಫೆಲ್ಡ್ ಹೇಳಿದ್ದನ್ನು ಅವರ ಸಹಾಯಕರೊಬ್ಬರು ಗೀಚಿಕೊಂಡಿದ್ದರು, ಆ ಟಿಪ್ಪಣಿ ಮುಂದೆ ಹೊರಗೆ ಬಂತು. ಅದರ ತಿರುಳು ಇಷ್ಟು: ಒಳ್ಳೆಯ ಮಾಹಿತಿ ಬೇಗ ತನ್ನಿ, ಬಿನ್ ಲಾಡೆನ್ ಒಬ್ಬನನ್ನೇ ಅಲ್ಲ, ಇರಾಕಿನ ಸದ್ದಾಂ ಹುಸೇನ್‌ನನ್ನೂ ಜೊತೆಗೇ ಹೊಡೆಯಲು ಅದು ಸಾಲುತ್ತದಾ ನೋಡಿ, ಎಲ್ಲವನ್ನೂ ಬಾಚಿಕೊಳ್ಳಿ, ಇದಕ್ಕೆ ಸಂಬಂಧ ಇರುವುದನ್ನೂ ಇಲ್ಲದ್ದನ್ನೂ.

ಆ ಕೊನೆಯ ಮಾತನ್ನು ಗಮನಿಸಿ. ಸಂಬಂಧ ಇಲ್ಲದ್ದನ್ನೂ.

ಭಯೋತ್ಪಾದಕ ದಾಳಿ ಆದ ಮೇಲೆ ಜನ ಯುದ್ಧಕ್ಕೆ ಹೇಗೆ ಒಪ್ಪುತ್ತಾರೆ ಅಂತ ಕೇಳಿದರೆ, ನಾಯಕರು ಸುಳ್ಳು ಹೇಳಿ ಜನರನ್ನು ಕೆರಳಿಸುತ್ತಾರೆ ಎನ್ನುವ ಉತ್ತರ ಥಟ್ಟನೆ ಬರುತ್ತದೆ. ಅದು ಅರ್ಧ ಮಾತ್ರ ನಿಜ. ಕೆರಳಿಸುವ ಅಗತ್ಯವೇ ಇರುವುದಿಲ್ಲ. ಜನರ ದುಃಖ ನಿಜ, ಸಿಟ್ಟು ನಿಜ, ಭಯವಂತೂ ಇನ್ನೂ ನಿಜ. ಆ ಸಿಟ್ಟು ಯಾರ ಮನೆ ಬಾಗಿಲಿಗೆ ಹೋಗಬೇಕು ಅನ್ನುವುದನ್ನು ತೀರ್ಮಾನಿಸುವುದೇ ನಾಯಕರ ಕೈಯಲ್ಲಿರುವ ದೊಡ್ಡ ಅಧಿಕಾರ. ನ್ಯೂಯಾರ್ಕಿನಲ್ಲಿ ಹುಟ್ಟಿದ ಸಿಟ್ಟು 18 ತಿಂಗಳಲ್ಲಿ ಬಾಗ್ದಾದ್ ತಲುಪಿದ ದಾರಿಯನ್ನು ನೋಡಿದರೆ ಇದು ಚೆನ್ನಾಗಿ ಕಾಣುತ್ತದೆ.

ಮೊದಲ ದಿನಗಳಲ್ಲಿ ಯಾರೂ ಯಾರನ್ನೂ ಒಪ್ಪಿಸಬೇಕಾಗಿರಲಿಲ್ಲ. ದಾಳಿಗೆ ಕೆಲವೇ ದಿನ ಮೊದಲು ಗ್ಯಾಲಪ್ ಸಂಸ್ಥೆ ಕೇಳಿದಾಗ ಅಧ್ಯಕ್ಷ ಜಾರ್ಜ್ ಬುಷ್ ಕೆಲಸವನ್ನು ಮೆಚ್ಚಿದವರು ಶೇ. 51. ಸೆಪ್ಟೆಂಬರ್ ಮುಗಿಯುವಷ್ಟರಲ್ಲಿ ಅದು ಶೇ. 90ಕ್ಕೆ ಏರಿತ್ತು. ಎರಡು ವಾರದಲ್ಲಿ ಅವರ ಆಡಳಿತ ಬದಲಾಗಿರಲಿಲ್ಲ, ಬದಲಾದದ್ದು ಜನರ ಮನಸ್ಸು. ದೇಶಕ್ಕೆ ಪೆಟ್ಟು ಬಿದ್ದಾಗ ಜನ ನಾಯಕನ ಸುತ್ತ ಸೇರುತ್ತಾರೆ ಅನ್ನುವುದನ್ನು ರಾಜಕೀಯ ವಿಜ್ಞಾನಿ ಜಾನ್ ಮುಲ್ಲರ್ 1970ರಲ್ಲೇ ಅಂಕಿ ಅಂಶ ಇಟ್ಟು ತೋರಿಸಿದ್ದರು. ಇದರಲ್ಲಿ ದಡ್ಡತನ ಏನೂ ಇಲ್ಲ. ಹೆದರಿದ ಮನುಷ್ಯ ಪಕ್ಕದವರ ಕೈ ಹಿಡಿದುಕೊಳ್ಳುತ್ತಾನೆ, ಅಲ್ವಾ?

ಸೆಪ್ಟೆಂಬರ್ 14ರಂದು ಬುಷ್ ಅವಶೇಷದ ರಾಶಿಯ ಮೇಲೆ ನಿಂತು, ಒಬ್ಬ ನಿವೃತ್ತ ಅಗ್ನಿಶಾಮಕ ಸಿಬ್ಬಂದಿಯ ಹೆಗಲ ಮೇಲೆ ಕೈ ಹಾಕಿ, ಧ್ವನಿವರ್ಧಕ ಹಿಡಿದು ಮಾತಾಡಿದರು. ನಿಮ್ಮ ದನಿ ನನಗೆ ಕೇಳಿಸುತ್ತಿದೆ, ಈ ಕಟ್ಟಡಗಳನ್ನು ಬೀಳಿಸಿದವರಿಗೂ ನಮ್ಮೆಲ್ಲರ ದನಿ ಬೇಗ ಕೇಳಿಸುತ್ತದೆ ಎಂದರು. ಅದೇ ದಿನ ಅಮೆರಿಕದ ಸಂಸತ್ತು ಒಂದು ನಿರ್ಣಯಕ್ಕೆ ಒಪ್ಪಿಗೆ ಕೊಟ್ಟಿತು. ದಾಳಿ ಮಾಡಿದವರು, ಮಾಡಿಸಿದವರು, ಅವರಿಗೆ ಆಸರೆ ಕೊಟ್ಟವರು ಯಾರು ಅನ್ನುವುದನ್ನು ಅಧ್ಯಕ್ಷರೇ ನಿರ್ಧರಿಸಿ ಅವರ ಮೇಲೆ ಬಲ ಪ್ರಯೋಗಿಸಬಹುದು ಅನ್ನುವುದು ಅದರ ಸಾರ. ಮುಖ್ಯವಾದ ವಾಕ್ಯ ಇಂಗ್ಲಿಷಿನಲ್ಲಿ ಬರೀ 60 ಪದ. ಯಾವ ದೇಶ ಅಂತ ಹೆಸರಿಲ್ಲ, ಎಷ್ಟು ದಿನ ಅಂತ ಗಡುವಿಲ್ಲ. ಸೆನೆಟ್‌ನಲ್ಲಿ 98 ಮತ, ವಿರುದ್ಧ ಒಂದೂ ಇಲ್ಲ. ಕೆಳಮನೆಯಲ್ಲಿ ಪರ 420, ವಿರುದ್ಧ 1.

ಆ ಒಂದು ಮತ ಕ್ಯಾಲಿಫೋರ್ನಿಯಾದ ಬಾರ್ಬರಾ ಲೀ ಅವರದು. ಅವರು ಭಾಷಣ ಮಾಡುವಾಗ ಗಂಟಲು ಕಟ್ಟಿತ್ತು. ದಾಳಿಕೋರರ ಬಗ್ಗೆ ಅವರಿಗೆ ಕರುಣೆ ಇದ್ದದ್ದಲ್ಲ, ಸ್ವಲ್ಪ ನಿಂತು ಯೋಚಿಸೋಣ, ಇದು ಕೈ ಮೀರಿ ಹೋಗಬಾರದು ಅಂತ ಅಷ್ಟೇ ಹೇಳಿದ್ದು. ಕೊಲೆ ಬೆದರಿಕೆಗಳು ಬಂದವು, ಪೊಲೀಸ್ ಕಾವಲು ಕೊಡಬೇಕಾಯಿತು. ಆ ವಾರ ಯೋಚಿಸಿ ಎನ್ನುವ ಮಾತೇ ದೇಶದ್ರೋಹದಂತೆ ಕೇಳಿಸಿತು. ನನಗೆ ಈ ಇಡೀ ಕಥೆಯಲ್ಲಿ ಎಲ್ಲಕ್ಕಿಂತ ಜಾಸ್ತಿ ಭಯ ಹುಟ್ಟಿಸುವುದು ಇದೇ.

ಸೆಪ್ಟೆಂಬರ್ 20ರಂದು ಬುಷ್ ಲೋಕದ ಎಲ್ಲ ದೇಶಗಳಿಗೂ ಹೇಳಿದರು: ನೀವು ನಮ್ಮ ಜೊತೆ ಇದ್ದೀರಿ, ಇಲ್ಲವೇ ಭಯೋತ್ಪಾದಕರ ಜೊತೆ. ಮೂರನೆಯ ಜಾಗ ಇಲ್ಲ. ಅಕ್ಟೋಬರ್ 7ಕ್ಕೆ ಅಫ್ಘಾನಿಸ್ತಾನದ ಮೇಲೆ ಬಾಂಬ್ ಬೀಳಲು ಶುರುವಾಯಿತು. ಆ ಯುದ್ಧಕ್ಕೆ ಜನರನ್ನು ಒಪ್ಪಿಸುವುದು ಕಷ್ಟವಾಗಲಿಲ್ಲ, ಯಾಕೆಂದರೆ ದಾಳಿ ಮಾಡಿಸಿದ ಬಿನ್ ಲಾಡೆನ್‌ನ ಅಲ್ ಖೈದಾ ಇದ್ದದ್ದು ಅಲ್ಲೇ, ತಾಲಿಬಾನ್ ಅದಕ್ಕೆ ಜಾಗ ಕೊಟ್ಟದ್ದೂ ನಿಜವೇ.

ಇರಾಕ್ ವಿಷಯ ಹಾಗಲ್ಲ. ವಿಮಾನ ಅಪಹರಿಸಿದ 19 ಜನರಲ್ಲಿ 15 ಮಂದಿ ಸೌದಿ ಅರೇಬಿಯಾದವರು. ಇರಾಕಿನವನು ಒಬ್ಬನೂ ಇರಲಿಲ್ಲ. ಸದ್ದಾಂ ಕ್ರೂರಿ ಅನ್ನುವುದರಲ್ಲಿ ಅನುಮಾನ ಇಲ್ಲ, 1988ರಲ್ಲಿ ಹಲಬ್ಜಾದ ಕುರ್ದ್ ಜನರ ಮೇಲೆ ವಿಷಾನಿಲ ಬಿಟ್ಟ ಆಡಳಿತ ಅದು. ಆದರೆ ಗೋಪುರ ಬೀಳಿಸಿದ್ದು ಅವನಲ್ಲ. ಹಾಗಿದ್ದ ಮೇಲೆ ಈ ಸಿಟ್ಟನ್ನು ಅಲ್ಲಿಗೆ ಮುಟ್ಟಿಸಲು ಕೆಲಸ ಮಾಡಬೇಕಿತ್ತು. ಮಾಡಿದರು.

2002ರ ಜನವರಿ 29ರ ಭಾಷಣದಲ್ಲಿ ಬುಷ್ ಇರಾಕ್, ಇರಾನ್, ಉತ್ತರ ಕೊರಿಯಾ ಮೂರನ್ನೂ ಸೇರಿಸಿ ದುಷ್ಟಕೂಟ ಎಂದು ಕರೆದರು. ಅವು ಒಂದೇ ಕೂಟದ ದೇಶಗಳಾಗಿರಲಿಲ್ಲ. ಇರಾನ್ ಮತ್ತು ಇರಾಕ್ ಎಂಟು ವರ್ಷ ಪರಸ್ಪರ ಯುದ್ಧ ಮಾಡಿಕೊಂಡಿದ್ದವು. ಆದರೆ ಕೇಳುವವರ ತಲೆಯಲ್ಲಿ ಶತ್ರು ದೊಡ್ಡದಾಯಿತು. ಆ ವರ್ಷದ ಜುಲೈ 23ರಂದು ಲಂಡನ್ನಿನಲ್ಲಿ ಪ್ರಧಾನಿ ಟೋನಿ ಬ್ಲೇರ್ ನಡೆಸಿದ ಗುಪ್ತ ಸಭೆಯ ಟಿಪ್ಪಣಿ 2005ರಲ್ಲಿ ಪತ್ರಿಕೆಗೆ ಸಿಕ್ಕಿತು. ವಾಷಿಂಗ್ಟನ್‌ಗೆ ಹೋಗಿಬಂದಿದ್ದ ಬ್ರಿಟನ್ನಿನ ಬೇಹುಗಾರಿಕೆ ಮುಖ್ಯಸ್ಥರ ವರದಿ ಅದರಲ್ಲಿದೆ: ಅಲ್ಲಿ ಯುದ್ಧ ಆಗಿಯೇ ಆಗುತ್ತದೆ ಅಂತ ಅಂದುಕೊಂಡಿದ್ದಾರೆ, ಮಾಹಿತಿ ಮತ್ತು ಸಂಗತಿಗಳನ್ನು ಆ ನೀತಿಗೆ ತಕ್ಕಂತೆ ಹೊಂದಿಸುತ್ತಿದ್ದಾರೆ.

ಆಮೇಲೆ ಪ್ರಚಾರ. ಶ್ವೇತಭವನದ ಮುಖ್ಯಾಧಿಕಾರಿ ಆಂಡ್ರ್ಯೂ ಕಾರ್ಡ್ ಅವರನ್ನು, ಯಾಕೆ ಸೆಪ್ಟೆಂಬರ್‌ವರೆಗೆ ಕಾದಿರಿ ಅಂತ ಪತ್ರಿಕೆಯವರು ಕೇಳಿದರು. ಮಾರ್ಕೆಟಿಂಗ್ ದೃಷ್ಟಿಯಿಂದ ಆಗಸ್ಟ್ ತಿಂಗಳಲ್ಲಿ ಹೊಸ ಸರಕು ಬಿಡುಗಡೆ ಮಾಡುವುದಿಲ್ಲ ಎಂದರು. ಸಾವಿರಾರು ಜನ ಸಾಯಲಿರುವ ವಿಷಯದ ಬಗ್ಗೆ ಆಡಿದ ಮಾತು ಅದು.

2002ರ ಸೆಪ್ಟೆಂಬರ್ 8, ಭಾನುವಾರ, ಈ ಕೆಲಸ ಹೇಗೆ ನಡೆಯುತ್ತದೆ ಅನ್ನುವುದಕ್ಕೆ ಒಳ್ಳೆಯ ಉದಾಹರಣೆ. ಬೆಳಗ್ಗೆ ನ್ಯೂಯಾರ್ಕ್ ಟೈಮ್ಸ್ ಮುಖಪುಟದಲ್ಲಿ, ಇರಾಕ್ ಅಣುಬಾಂಬಿಗಾಗಿ ವಿಶೇಷ ಅಲ್ಯೂಮಿನಿಯಂ ಕೊಳವೆಗಳನ್ನು ಕೊಳ್ಳಲು ನೋಡಿದೆ ಅಂತ ವರದಿ. ಸುದ್ದಿ ಕೊಟ್ಟವರು ಹೆಸರು ಹೇಳದ ಸರ್ಕಾರಿ ಅಧಿಕಾರಿಗಳು. ಅದೇ ಬೆಳಗ್ಗೆ ಉಪಾಧ್ಯಕ್ಷ ಡಿಕ್ ಚೇನಿ ಟಿವಿಯಲ್ಲಿ ಕೂತು, ನೋಡಿ, ಟೈಮ್ಸ್‌ನಲ್ಲೇ ಬಂದಿದೆ ಎಂದರು. ಸರ್ಕಾರದ ಒಳಗಿಂದ ಹೋದ ಮಾತು ಪತ್ರಿಕೆಯ ಮಾತಾಗಿ ತಿರುಗಿ ಬಂತು, ಅದಕ್ಕೇ ಪುರಾವೆಯ ಬೆಲೆ ಸಿಕ್ಕಿತು. ಇನ್ನೊಂದು ಚಾನೆಲ್‌ನಲ್ಲಿ ರಾಷ್ಟ್ರೀಯ ಭದ್ರತಾ ಸಲಹೆಗಾರ್ತಿ ಕೊಂಡೊಲೀಜಾ ರೈಸ್, ಖಚಿತ ಪುರಾವೆಗಾಗಿ ಕಾಯುತ್ತಾ ಕೂತರೆ ಆ ಪುರಾವೆ ಅಣುಬಾಂಬಿನ ಅಣಬೆ ಮೋಡವಾಗಿಯೇ ಬಂದೀತು ಅನ್ನುವ ಅರ್ಥದಲ್ಲಿ ಮಾತಾಡಿದರು. ಈ ವಾದಕ್ಕೆ ಎದುರುತ್ತರ ಕೊಡುವುದು ಬಹಳ ಕಷ್ಟ. ಪುರಾವೆ ಕೇಳುವುದೇ ಅಪಾಯ ಅಂತ ಆದ ಮೇಲೆ ಇನ್ನೇನು ಕೇಳುತ್ತೀರಿ? ಆ ಕೊಳವೆಗಳು ಅಣುಬಾಂಬಿಗೆ ಸರಿಹೊಂದುವುದಿಲ್ಲ, ಮಾಮೂಲಿ ರಾಕೆಟ್‌ಗಳಿಗೆ ಇರಬಹುದು ಅಂತ ಅಮೆರಿಕದ ಇಂಧನ ಇಲಾಖೆಯ ತಜ್ಞರು ಒಳಗೊಳಗೆ ಹೇಳುತ್ತಲೇ ಇದ್ದರು.

ಅಕ್ಟೋಬರ್‌ನಲ್ಲಿ, ಇರಾಕ್ ಮೇಲೆ ಬಲ ಪ್ರಯೋಗಿಸಲು ಒಪ್ಪಿಗೆ ಕೊಡುವ ನಿರ್ಣಯವನ್ನು ಸಂಸತ್ತಿನಲ್ಲಿ ಮತಕ್ಕೆ ಹಾಕಿದರು. ನವೆಂಬರ್‌ನಲ್ಲಿ ಚುನಾವಣೆ ಇತ್ತು ಅನ್ನುವುದನ್ನು ಮರೆಯಬೇಡಿ. ಕೆಳಮನೆಯಲ್ಲಿ 296–133, ಸೆನೆಟ್‌ನಲ್ಲಿ 77–23. ಬೇಹುಗಾರಿಕೆ ಸಮಿತಿಯ ಅಧ್ಯಕ್ಷರಾಗಿದ್ದ ಸೆನೆಟರ್ ಬಾಬ್ ಗ್ರಹಾಂ ಇರಾಕಿನ ಅಸ್ತ್ರಗಳ ಕುರಿತ ಗುಪ್ತ ವರದಿಯನ್ನು ಪೂರ್ತಿ ಓದಿದವರು. ಅವರು ವಿರುದ್ಧ ಮತ ಹಾಕಿದರು.

ಇಷ್ಟೆಲ್ಲ ಆದರೂ, ಸೆಪ್ಟೆಂಬರ್ 11ರ ದಾಳಿಗೆ ಸದ್ದಾಂ ಆಜ್ಞೆ ಕೊಟ್ಟ ಅಂತ ಬುಷ್ ನೇರವಾಗಿ ಹೇಳಲಿಲ್ಲ. ಎರಡು ಹೆಸರುಗಳನ್ನು ಪಕ್ಕಪಕ್ಕ ಇಟ್ಟರು, ಮತ್ತೆ ಮತ್ತೆ ಇಟ್ಟರು. 2003ರ ಜನವರಿಯ ಭಾಷಣದಲ್ಲಿ ಬಂದ ಮಾತು ನೋಡಿ: ಆ 19 ಅಪಹರಣಕಾರರನ್ನು ಬೇರೆ ಆಯುಧಗಳೊಂದಿಗೆ ಕಲ್ಪಿಸಿಕೊಳ್ಳಿ, ಈ ಸಲ ಸದ್ದಾಂ ಹುಸೇನ್ ಕೊಟ್ಟ ಆಯುಧಗಳೊಂದಿಗೆ. ಸುಳ್ಳು ಅನ್ನಲಾಗದು, ಕಲ್ಪಿಸಿಕೊಳ್ಳಿ ಅಂದಿದ್ದಾರೆ ಅಷ್ಟೇ. ಆದರೆ ಕೇಳಿದವರ ಮನಸ್ಸಿನಲ್ಲಿ ಆ 19 ಜನ ಮತ್ತು ಸದ್ದಾಂ ಒಂದೇ ಚಿತ್ರದೊಳಗೆ ಬಂದುಬಿಟ್ಟರು. ಆ ತಿಂಗಳು ನಡೆದ ಒಂದು ಸಮೀಕ್ಷೆಯಲ್ಲಿ ಅಪಹರಣಕಾರರಲ್ಲಿ ಇರಾಕಿನವರು ಯಾರೂ ಇರಲಿಲ್ಲ ಅಂತ ಸರಿಯಾಗಿ ಹೇಳಿದವರು ಶೇ. 17 ಮಾತ್ರ. 2003ರ ಆಗಸ್ಟ್‌ನಲ್ಲಿ ವಾಷಿಂಗ್ಟನ್ ಪೋಸ್ಟ್ ಕೇಳಿದಾಗ, ದಾಳಿಯಲ್ಲಿ ಸದ್ದಾಂ ಕೈವಾಡ ಇದ್ದಿರಬಹುದು ಅಂದವರು ಶೇ. 69. ಮರುತಿಂಗಳೇ ಬುಷ್, ಅಂಥ ಪುರಾವೆ ನಮಗೆ ಸಿಕ್ಕಿಲ್ಲ ಅಂತ ಒಪ್ಪಿಕೊಂಡರು. ಆ ಹೊತ್ತಿಗೆ ಬಾಗ್ದಾದ್ ಬಿದ್ದು ಐದು ತಿಂಗಳಾಗಿತ್ತು.

ಪೊವೆಲ್ ಕಥೆ ಇನ್ನೂ ಬೇಸರದ್ದು. ಸರ್ಕಾರದಲ್ಲಿ ಜನ ಅತಿ ಹೆಚ್ಚು ನಂಬುತ್ತಿದ್ದವರಲ್ಲಿ ವಿದೇಶಾಂಗ ಸಚಿವ ಕಾಲಿನ್ ಪೊವೆಲ್ ಒಬ್ಬರು, ಯುದ್ಧದ ಬಗ್ಗೆ ಅವರಿಗೇ ಹಿಂಜರಿಕೆ ಇತ್ತು. ಅದಕ್ಕೇ ಅವರ ಮಾತಿಗೆ ತೂಕ. 2003ರ ಫೆಬ್ರುವರಿ 5ರಂದು ವಿಶ್ವಸಂಸ್ಥೆಯಲ್ಲಿ ಪುಟ್ಟ ಸೀಸೆಯೊಂದನ್ನು ಎತ್ತಿ ಹಿಡಿದು, ಆಂಥ್ರಾಕ್ಸ್ ಇಷ್ಟಿದ್ದರೂ ಸಾಕು ಅಂತ ತೋರಿಸಿದರು. ಅವರು ಹೇಳಿದ ಸಂಚಾರಿ ಜೈವಿಕ ಪ್ರಯೋಗಾಲಯಗಳ ಕಥೆಯನ್ನು ಹೆಣೆದವನು ಜರ್ಮನಿಗೆ ಓಡಿಬಂದಿದ್ದ ಒಬ್ಬ ಇರಾಕಿ. ತಾನು ಹೇಳಿದ್ದು ಸುಳ್ಳು ಅಂತ 2011ರಲ್ಲಿ ಅವನೇ ಒಪ್ಪಿಕೊಂಡ. ಅಲ್ ಖೈದಾಕ್ಕೆ ಇರಾಕ್ ರಾಸಾಯನಿಕ ಅಸ್ತ್ರಗಳ ತರಬೇತಿ ಕೊಟ್ಟಿದೆ ಅನ್ನುವ ಮಾತು ಈಜಿಪ್ಟಿನ ಸೆರೆಯಲ್ಲಿ ಹಿಂಸೆ ತಾಳದೆ ಕೈದಿಯೊಬ್ಬ ಹೇಳಿದ್ದು, ಅವನೂ ಮುಂದೆ ಹಿಂತೆಗೆದುಕೊಂಡ.

ಪ್ರಶ್ನೆ ಕೇಳುವವರು ಇರಲಿಲ್ಲವಾ? ಇದ್ದರು. ನೈಟ್ ರಿಡ್ಡರ್ ಸಂಸ್ಥೆಯ ವರದಿಗಾರರಾದ ಜೊನಾಥನ್ ಲ್ಯಾಂಡೇ, ವಾರೆನ್ ಸ್ಟ್ರೊಬೆಲ್ ಕೆಳಹಂತದ ಅಧಿಕಾರಿಗಳನ್ನು ಮಾತಾಡಿಸಿ, ಈ ಪುರಾವೆಗಳು ಗಟ್ಟಿ ಇಲ್ಲ ಅಂತ ಬರೆಯುತ್ತಲೇ ಇದ್ದರು. ಅವರ ಸುದ್ದಿ ಹೋಗುತ್ತಿದ್ದದ್ದು ಹೆಚ್ಚಾಗಿ ಊರೂರಿನ ಪತ್ರಿಕೆಗಳಿಗೆ, ವಾಷಿಂಗ್ಟನ್ನಿನ ದೊಡ್ಡವರ ಮೇಜಿಗೆ ಅಲ್ಲ. ಯುದ್ಧವನ್ನು ಪ್ರಶ್ನಿಸುತ್ತಿದ್ದ ಫಿಲ್ ಡೊನಾಹ್ಯೂ ಅವರ ಟಿವಿ ಕಾರ್ಯಕ್ರಮ ಆ ಚಾನೆಲ್‌ನಲ್ಲಿ ಅತಿ ಹೆಚ್ಚು ಜನ ನೋಡುವಂಥದ್ದಾಗಿದ್ದರೂ ಯುದ್ಧಕ್ಕೆ ಕೆಲವು ವಾರ ಮೊದಲು ನಿಂತುಹೋಯಿತು. ಫೆಬ್ರುವರಿ 15ರಂದು ಲಂಡನ್, ರೋಮ್, ನ್ಯೂಯಾರ್ಕ್ ಸೇರಿ ನೂರಾರು ಊರುಗಳಲ್ಲಿ ಲಕ್ಷಾಂತರ ಜನ ಬೀದಿಗಿಳಿದರು. ತಿಂಗಳು ಕಳೆಯುತ್ತಲೇ, ಮಾರ್ಚ್ 20ರಂದು, ಯುದ್ಧ ಶುರುವಾಯಿತು. ಆಗ ಅಮೆರಿಕದಲ್ಲಿ ಹತ್ತರಲ್ಲಿ ಏಳು ಮಂದಿ ಅದರ ಪರ ಇದ್ದರು.

ಇದು ಅಮೆರಿಕ ಕಂಡುಹಿಡಿದ ದಾರಿ ಅಲ್ಲ. 1914ರಲ್ಲಿ ಸರಯೇವೊದಲ್ಲಿ ಆಸ್ಟ್ರಿಯಾದ ಯುವರಾಜನ ಕೊಲೆಯಾದಾಗ, ವಿಯೆನ್ನಾ ಸರ್ಕಾರ ತನಿಖೆಗೆ ಕಳಿಸಿದ್ದ ಅಧಿಕಾರಿಯೇ ಸರ್ಬಿಯಾ ಸರ್ಕಾರದ ಕೈವಾಡಕ್ಕೆ ಪುರಾವೆ ಇಲ್ಲ ಅಂತ ಜುಲೈ 13ರಂದು ತಂತಿ ಕಳಿಸಿದ. ಹತ್ತು ದಿನದಲ್ಲಿ ಸರ್ಬಿಯಾಕ್ಕೆ 48 ಗಂಟೆಯ ಗಡುವು ಹೋಯಿತು. 1982ರ ಜೂನ್ 3ರಂದು ಲಂಡನ್ನಿನಲ್ಲಿ ಇಸ್ರೇಲ್ ರಾಯಭಾರಿಗೆ ಗುಂಡು ಹಾಕಿದ್ದು ಅಬು ನಿದಾಲ್ ಎಂಬವನ ಪ್ಯಾಲೆಸ್ತೀನಿ ಗುಂಪು, ಯಾಸರ್ ಅರಾಫತ್ ಅವರ ಪ್ಯಾಲೆಸ್ತೀನ್ ವಿಮೋಚನಾ ಸಂಘಟನೆಗೆ (ಪಿಎಲ್‌ಒ) ಅದು ಬದ್ಧ ವೈರಿ. ಮೂರೇ ದಿನಕ್ಕೆ ಇಸ್ರೇಲ್ ಸೇನೆ ಲೆಬನಾನ್‌ಗೆ ನುಗ್ಗಿದ್ದು ಪಿಎಲ್‌ಒ ಮೇಲೆ. ಈ ಎರಡೂ ಪ್ರಸಂಗಗಳಲ್ಲಿ ಯುದ್ಧದ ಆಸೆ ಮೊದಲೇ ಇತ್ತು, ದಾಳಿ ಬಾಗಿಲು ತೆರೆಯಿತು.

ಭಾರತಕ್ಕೂ ಈ ಯುದ್ಧದ ಬಿಸಿ ತಟ್ಟಿತು. ಮಂಗಳೂರು, ಉಡುಪಿ ಕಡೆಯ ಎಷ್ಟೋ ಮನೆಗಳವರು ಕುವೈತ್‌ನಲ್ಲಿ ದುಡಿಯುತ್ತಿದ್ದರು, 1990ರಲ್ಲಿ ಸದ್ದಾಂ ಸೇನೆ ಅಲ್ಲಿಗೆ ನುಗ್ಗಿದಾಗ ಎಲ್ಲ ಬಿಟ್ಟು ಓಡಿಬಂದ ನೆನಪು ಅವರಿಗೆ ಮಾಸಿರಲಿಲ್ಲ. ಇರಾಕಿಗೆ ಸೈನ್ಯ ಕಳಿಸಿ ಅಂತ ಅಮೆರಿಕ ದೆಹಲಿಯನ್ನು ಕೇಳಿತ್ತು. 2003ರ ಜುಲೈ 14ರಂದು ವಾಜಪೇಯಿ ಸರ್ಕಾರ, ವಿಶ್ವಸಂಸ್ಥೆಯ ಸ್ಪಷ್ಟ ಆದೇಶ ಇಲ್ಲದೆ ಕಳಿಸುವುದಿಲ್ಲ ಎಂದಿತು. ಅದು ಸರಿಯಾದ ತೀರ್ಮಾನ.

ಹುಡುಕಿ ಹುಡುಕಿ ಇರಾಕಿನಲ್ಲಿ ಆ ಅಣು, ಜೈವಿಕ, ರಾಸಾಯನಿಕ ಅಸ್ತ್ರಗಳ ದಾಸ್ತಾನು ಸಿಗಲಿಲ್ಲ, 2004ರಲ್ಲಿ ಅಮೆರಿಕದ ತನಿಖಾ ತಂಡವೇ ಹಾಗೆ ವರದಿ ಕೊಟ್ಟಿತು. ಅದೇ ವರ್ಷ 9/11 ಆಯೋಗ, ಅಲ್ ಖೈದಾ ಜೊತೆ ಇರಾಕ್ ಸೇರಿ ಕೆಲಸ ಮಾಡಿದ್ದಕ್ಕೆ ಪುರಾವೆ ಇಲ್ಲ ಎಂದಿತು. ಟೈಮ್ಸ್ ಪತ್ರಿಕೆ ತನ್ನ ವರದಿಗಳು ಸಾಕಷ್ಟು ಕಟ್ಟುನಿಟ್ಟಾಗಿರಲಿಲ್ಲ ಅಂತ ಒಪ್ಪಿಕೊಂಡಿತು. ಅಷ್ಟರಲ್ಲಿ ಸತ್ತವರು ಸತ್ತಿದ್ದರು, ಮುಂದೆಯೂ ಸಾಯುತ್ತಲೇ ಹೋದರು. ಸುಮಾರು 4,500 ಅಮೆರಿಕನ್ ಸೈನಿಕರು, ಕಡಿಮೆ ಲೆಕ್ಕ ಹಿಡಿದರೂ ಒಂದು ಲಕ್ಷಕ್ಕಿಂತ ಹೆಚ್ಚು ಇರಾಕಿ ನಾಗರಿಕರು. 2008ರಲ್ಲಿ ಬುಷ್ ಅವರನ್ನು ಮೆಚ್ಚುವವರು ಶೇ. 25ಕ್ಕೆ ಇಳಿದಿದ್ದರು. ಆ 60 ಪದಗಳ ಕಾನೂನು ಮಾತ್ರ ಉಳಿಯಿತು. 2014ರಲ್ಲಿ ಒಬಾಮಾ ಸರ್ಕಾರ ಅದನ್ನೇ ಮುಂದಿಟ್ಟು ಐಸಿಸ್ ಮೇಲೆ ದಾಳಿ ಮಾಡಿತು. 2001ರಲ್ಲಿ ಆ ಹೆಸರಿನ ಸಂಘಟನೆಯೇ ಇರಲಿಲ್ಲ. ಬಾರ್ಬರಾ ಲೀ ಸಂಸತ್ತಿನಲ್ಲಿ ಇದ್ದಷ್ಟು ವರ್ಷ ಅದನ್ನು ರದ್ದು ಮಾಡಿಸಲು ಮತ್ತೆ ಮತ್ತೆ ಪ್ರಯತ್ನಿಸಿದರು. ಆಗಲಿಲ್ಲ.