ಮುಂಗಾರಿನ ಹೊಸ್ತಿಲಲ್ಲಿ ಬೋಳಾಗುವ ತೇಗ: ಮರ ಸಾಯುತ್ತದೆಯೇ?

ಪ್ರಶ್ನೆ: ನಮ್ಮ ಜಮೀನಿನ ಬದುವಿನ ಉದ್ದಕ್ಕೂ ತೇಗದ ಮರಗಳಿವೆ. ಮೊದಲ ಮಳೆಗೆ ಚಿಗುರಿದ ಎಲೆಗಳನ್ನೆಲ್ಲ ಕಪ್ಪನೆಯ ಹುಳುಗಳು ಎಂಟು-ಹತ್ತು ದಿನಗಳಲ್ಲಿ ತಿಂದು ಮುಗಿಸುತ್ತವೆ. ಮರಗಳು ಸಾಯುತ್ತವೆಯೇ? ಔಷಧಿ ಹೊಡೆಸಬೇಕೇ?

ಉತ್ತರ: ಮರಗಳು ಸಾಯುವುದಿಲ್ಲ, ಕೆಲವೇ ವಾರಗಳಲ್ಲಿ ಮತ್ತೆ ಚಿಗುರುತ್ತವೆ. ಔಷಧಿ ಹೊಡೆಸುವುದೂ ಬೇಡ, ಏಕೆಂದರೆ ಮರ ಬೋಳಾಗಿದೆ ಎಂದು ನಿಮ್ಮ ಗಮನಕ್ಕೆ ಬರುವ ಹೊತ್ತಿಗೆ ಹೆಚ್ಚಿನ ಹುಳುಗಳು ತಿನ್ನುವ ಕೆಲಸ ಮುಗಿಸಿ ನೆಲಕ್ಕೆ ಇಳಿದಿರುತ್ತವೆ. ಈ ಮಾತು ಹೇಗೆ ನಿಜ ಎಂಬುದು ಆ ಹುಳುವಿನ ಬದುಕಿನ ದಿನಗಣನೆಯನ್ನು ನೋಡಿದರೆ ತಿಳಿಯುತ್ತದೆ.

ಹೈಬ್ಲಿಯಾ ಪ್ಯೂರಾ ಎಂಬ ವೈಜ್ಞಾನಿಕ ಹೆಸರಿನ ಪತಂಗದ ಮರಿಗಳು ಇವು. ಇದು ಹೊರಗಿನಿಂದ ಬಂದು ಸೇರಿಕೊಂಡ ಕೀಟವಲ್ಲ, ತೇಗದಂತೆಯೇ ನಮ್ಮ ಕಾಡಿನ ಮೂಲನಿವಾಸಿ. ತೇಗದ ಜೊತೆಗೆ ಲಕ್ಕಿ ಗಿಡವನ್ನೂ ಕರಾವಳಿಯ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಅವಿಸೆನಿಯಾ ಎಂಬ ಮರಗಳನ್ನೂ ತಿನ್ನುತ್ತದೆ. ರೆಕ್ಕೆ ಬಿಚ್ಚಿದಾಗ ಸುಮಾರು ಮೂರರಿಂದ ನಾಲ್ಕು ಸೆಂಟಿಮೀಟರ್ ಅಗಲವಿರುವ ಈ ಪತಂಗ ಸುಮ್ಮನೆ ಕುಳಿತಿರುವಾಗ ಬೂದು ಮಿಶ್ರಿತ ಕಂದು ಬಣ್ಣದ ಒಣಗಿದ ಎಲೆಯ ಚೂರಿನಂತೆ ಕಾಣುತ್ತದೆ. ಕಪ್ಪು ಹಿನ್ನೆಲೆಯಲ್ಲಿ ಕಿತ್ತಳೆ-ಹಳದಿ ಪಟ್ಟೆಗಳಿರುವ ಹಿಂದಿನ ರೆಕ್ಕೆಗಳು ಹಾರುವಾಗ ಮಾತ್ರ ಹೊರಗೆ ಕಾಣುತ್ತವೆ. ಹಗಲಿನಲ್ಲಿ ಅದು ಪೊದೆಗಳಲ್ಲಿ ಅಡಗಿರುತ್ತದೆ. ಹುಳುಬಾಧೆಯ ದಿನಗಳಲ್ಲಿ ತೇಗದ ನೆಡುತೋಪಿನ ಪೊದೆಯೊಂದನ್ನು ಅಲುಗಾಡಿಸಿದರೆ ಪತಂಗಗಳು ಹಿಂಡುಹಿಂಡಾಗಿ ಎದ್ದು ಹಾರುತ್ತವೆ.

ಹೆಣ್ಣು ಪತಂಗ ಎಳೆಯ ಎಲೆಗಳನ್ನೇ ಹುಡುಕಿ, ನರಗಳ ಪಕ್ಕದಲ್ಲಿ, ಒಂದೊಂದಾಗಿ ಬಿಳಿಯ ಚಪ್ಪಟೆ ಮೊಟ್ಟೆಗಳನ್ನು ಇಡುತ್ತದೆ. ಒಂದು ಹೆಣ್ಣು ಸುಮಾರು 500 ಮೊಟ್ಟೆಗಳನ್ನು, ಅನುಕೂಲವಿದ್ದರೆ ಅದಕ್ಕೂ ಹೆಚ್ಚು ಮೊಟ್ಟೆಗಳನ್ನು ಇಡಬಲ್ಲದು. ಎರಡು ದಿನಗಳ ಆಸುಪಾಸಿನಲ್ಲಿ ಮೊಟ್ಟೆಯೊಡೆದು ಬರುವ ಮರಿಗೆ ಬಲಿತ ತೇಗದ ಎಲೆಯನ್ನು ಕಡಿಯುವ ಶಕ್ತಿ ಇರುವುದಿಲ್ಲ. ಎಳೆಯೆಲೆ ಸಿಗದಿದ್ದರೆ ಅದು ಬದುಕುವುದಿಲ್ಲ. ಹುಳುಬಾಧೆ ಪ್ರತಿ ವರ್ಷವೂ ಮುಂಗಾರುಪೂರ್ವ ಮಳೆಯ ಹಿಂದೆಯೇ ಬರುವುದಕ್ಕೆ ಕಾರಣ ಇದೇ. ಮಳೆ ಬೀಳಬೇಕು, ತೇಗ ಚಿಗುರಬೇಕು, ಆಗ ಮಾತ್ರ ಮರಿಗಳಿಗೆ ಬಾಳುವೆ.

ಹುಳು ಐದು ಹಂತಗಳಲ್ಲಿ ಬೆಳೆಯುತ್ತದೆ, ಪ್ರತಿ ಹಂತದ ಕೊನೆಗೆ ಪೊರೆ ಬಿಡುತ್ತದೆ. ಮೊದಲ ಎರಡು ಹಂತಗಳಲ್ಲಿ ಅದು ಎಲೆಯ ಮೇಲ್ಪದರವನ್ನಷ್ಟೇ ಕೆರೆದು ತಿನ್ನುತ್ತ, ನಾಲ್ಕಾರು ರೇಷ್ಮೆ ಎಳೆಗಳ ಮರೆಯಲ್ಲಿರುತ್ತದೆ. ಮೂರನೆಯ ಹಂತದಿಂದ ಅದರ ಕೌಶಲ ನಿಜಕ್ಕೂ ನೋಡುವಂಥದ್ದು: ಎಲೆಯ ಅಂಚಿನಲ್ಲಿ ಅರ್ಧಚಂದ್ರಾಕಾರವಾಗಿ ಕತ್ತರಿಸಿ, ಆ ತುಂಡನ್ನು ಪೂರ್ತಿ ಬೇರ್ಪಡಿಸದೆ ಬಾಗಿಲಿನಂತೆ ಮಡಚಿ, ನೂಲಿನಿಂದ ಎಲೆಗೆ ಬಿಗಿದು, ಆ ಮಡಿಕೆಯೊಳಗೆ ವಾಸ ಮಾಡುತ್ತದೆ. ಬೋಳಾಗುವುದಕ್ಕೆ ಮೊದಲೇ ಹುಳುವನ್ನು ಗುರುತಿಸಬೇಕೆಂದರೆ ಎಲೆಯಂಚಿನ ಈ ಮಡಿಕೆಗಳನ್ನು ಹುಡುಕಿ. ಒಂದನ್ನು ಉಗುರಿನಿಂದ ಮೆಲ್ಲಗೆ ಬಿಡಿಸಿದರೆ ಹುಳು ಒಳಗೇ ಸಿಕ್ಕೀತು. ನೀವು ಕಂಡ ಕಪ್ಪು ಬಣ್ಣ, ಪಕ್ಕದಲ್ಲಿ ಬಿಳಿಯ ಗೆರೆ, ಬೆನ್ನ ಮೇಲೆ ಕಿತ್ತಳೆ ಛಾಯೆ, ಇವು ಹುಳುಗಳು ಕಿಕ್ಕಿರಿದು ಬೆಳೆದಾಗ ಹೆಚ್ಚಾಗಿ ಕಾಣುವ ರೂಪ. ಹಸಿರು ಹುಳುಗಳೂ ಇದೇ ಜಾತಿಯವು.

ಬಹುಪಾಲು ಎಲೆ ಖಾಲಿಯಾಗುವುದು ಕೊನೆಯ ಎರಡು ಹಂತಗಳಲ್ಲಿ. ಆ ದಿನಗಳಲ್ಲಿ ಮರದ ಕೆಳಗೆ ನಿಂತರೆ, ಹುಳುಗಳ ಹಿಕ್ಕೆ ತರಗೆಲೆಗಳ ಮೇಲೆ ಉದುರುವ ಸದ್ದು ಸಣ್ಣ ತುಂತುರು ಮಳೆಯಂತೆ ಕೇಳುತ್ತದೆ. ಮೊಟ್ಟೆಯೊಡೆದ ದಿನದಿಂದ ಎಣಿಸಿದರೆ ಹತ್ತು-ಹನ್ನೆರಡು ದಿನಗಳಲ್ಲಿ ತಿನ್ನುವ ಕಾಲ ಮುಗಿಯುತ್ತದೆ. ಬೆಳೆದ ಹುಳುಗಳು ನೂಲು ಬಿಡುತ್ತ ಕೆಳಗಿಳಿದು, ತರಗೆಲೆ ಮತ್ತು ಮಣ್ಣನ್ನು ನೂಲಿನಿಂದ ಸಡಿಲವಾಗಿ ಕೂಡಿಸಿಕೊಂಡು ಅದರೊಳಗೆ ಕೋಶವಾಗುತ್ತವೆ. ಸುಮಾರು ಒಂದು ವಾರದಲ್ಲಿ ಪತಂಗ ಹೊರಬರುತ್ತದೆ. ಹೀಗೆ ಬೆಚ್ಚನೆಯ ಹವೆಯಲ್ಲಿ ಇಡೀ ಜೀವನಚಕ್ರ ಮೂರು ವಾರಗಳಲ್ಲಿ ಮುಗಿಯಬಲ್ಲದು. ಹೊಸ ಪತಂಗಗಳಿಗೆ ತಾವು ಹುಟ್ಟಿದ ಜಾಗದಲ್ಲಿ ಎಳೆಯೆಲೆ ಸಿಗುವುದಿಲ್ಲವಾದ್ದರಿಂದ ಅವು ಗುಂಪಾಗಿ ಬೇರೆ ಕಡೆಗೆ ಹಾರಿಹೋಗುತ್ತವೆ.

ಈಗ ಔಷಧಿಯ ಮಾತಿಗೆ ಬರೋಣ. ಎತ್ತರದ ಮರದ ತುದಿಗೆ ಸಿಂಪಡಿಸುವುದು ಕಷ್ಟ. ಸಿಂಪಡಿಸಿದರೂ ಉಳಿಸಬೇಕಾದ ಎಲೆ ಅಷ್ಟರಲ್ಲಿ ಹೋಗಿರುತ್ತದೆ. ಅದಕ್ಕಿಂತ ಮುಖ್ಯವಾಗಿ, ಹುಳುಗಳನ್ನು ಹಿಡಿದು ತಿನ್ನಲು ಬರುವ ಮೈನಾ, ಕಾಗೆ ಮೊದಲಾದ ಹಕ್ಕಿಗಳಿಗೂ ಹುಳುವಿನ ಮೈಯಲ್ಲಿ ಬೆಳೆಯುವ ಪರಾವಲಂಬಿ ನೊಣ-ಕಣಜಗಳಿಗೂ ಆ ವಿಷ ತಗಲುತ್ತದೆ. ಈ ಹುಳುವಿಗೆ ಪ್ರಕೃತಿಯಲ್ಲೇ ಒಂದು ವೈರಸ್ ರೋಗವಿದೆ. ರೋಗ ಹತ್ತಿದ ಹುಳು ಮೂರು-ನಾಲ್ಕು ದಿನಗಳಲ್ಲಿ ಮೆತ್ತಗಾಗಿ, ಎಲೆಯಿಂದ ತಲೆಕೆಳಗಾಗಿ ಜೋತು, ಚರ್ಮ ಒಡೆದು ದ್ರವವಾಗಿ ಸೋರುತ್ತದೆ. ಕೇರಳ ಅರಣ್ಯ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಇದೇ ವೈರಸ್ಸನ್ನು ನಿಲಂಬೂರಿನ ತೇಗದ ನೆಡುತೋಪುಗಳಲ್ಲಿ ಸಿಂಪಡಿಸಿ ಹುಳುಗಳನ್ನು ಹತೋಟಿಗೆ ತರಬಹುದೆಂದು ತೋರಿಸಿದ್ದಾರೆ. ನಿಮ್ಮ ಮರದಲ್ಲಿ ಹಾಗೆ ಜೋತು ಬಿದ್ದ ಹುಳುಗಳು ಕಂಡರೆ ದಯವಿಟ್ಟು ಅವನ್ನು ಹಾಗೆಯೇ ಬಿಡಿ.

ಸಾಯುವುದಿಲ್ಲ ಎಂದ ಮಾತ್ರಕ್ಕೆ ಮರಕ್ಕೆ ನಷ್ಟವೇ ಇಲ್ಲವೆಂದು ತಿಳಿಯಬಾರದು. ಕೂಡಿಟ್ಟ ಆಹಾರವನ್ನೆಲ್ಲ ಮರ ಎರಡನೆಯ ಸಲ ಚಿಗುರಲು ಖರ್ಚು ಮಾಡುವುದರಿಂದ ಆ ವರ್ಷ ಕಾಂಡ ದಪ್ಪವಾಗುವುದು ಕಡಿಮೆ. ನಿಲಂಬೂರಿನಲ್ಲಿ ನಾಲ್ಕರಿಂದ ಎಂಟು ವರ್ಷ ವಯಸ್ಸಿನ ನೆಡುತೋಪಿನಲ್ಲಿ ನಡೆದ ಅಧ್ಯಯನದ ಪ್ರಕಾರ, ಹುಳುವಿನಿಂದ ರಕ್ಷಿಸಿದ ಮರಗಳಿಗೆ ಹೋಲಿಸಿದರೆ ರಕ್ಷಿಸದ ಮರಗಳಲ್ಲಿ ಮರಮಟ್ಟಿನ ಬೆಳವಣಿಗೆ ಶೇಕಡಾ 44ರಷ್ಟು ಕಡಿಮೆಯಾಗಿತ್ತು. ದೊಡ್ಡ ನೆಡುತೋಪುಗಳನ್ನು ನೋಡಿಕೊಳ್ಳುವವರಿಗೆ ಇದು ಗಂಭೀರವಾದ ಲೆಕ್ಕ. ಬದುವಿನ ಕೆಲವು ಮರಗಳ ಮಟ್ಟಿಗೆ, ವಿಷ ಸುರಿಯುವುದಕ್ಕಿಂತ ಆ ನಷ್ಟವನ್ನು ಸಹಿಸಿಕೊಳ್ಳುವುದೇ ಲೇಸೆಂಬುದು ನನ್ನ ಅಭಿಪ್ರಾಯ.

ಮಳೆಗಾಲ ಕಳೆದ ಮೇಲೆ ಎಲೆಗಳು ಜರಡಿಯಂತಾದರೆ ಅದು ಬೇರೆ ಪತಂಗದ ಕೆಲಸ. ಹೈಬ್ಲಿಯಾ ಹುಳು ದಪ್ಪ ನರಗಳನ್ನು ಮಾತ್ರ ಬಿಟ್ಟು ಉಳಿದುದನ್ನೆಲ್ಲ ತಿನ್ನುತ್ತದೆ. ಯುಟೆಕ್ಟೋನಾ ಮಚೆರಾಲಿಸ್ ಎಂಬ ಇನ್ನೊಂದು ಪತಂಗದ ಹುಳು ನರಗಳ ನಡುವಿನ ಹಸಿರನ್ನಷ್ಟೇ ತೆಗೆದು ಸಣ್ಣ ನರಗಳ ಬಲೆಯನ್ನೂ ಉಳಿಸುತ್ತದೆ. ಎಲೆ ಬಲಿತು ಉದುರುವ ಕಾಲ ಸಮೀಪಿಸಿದಾಗ ಅದು ಬರುವುದರಿಂದ ಮರಕ್ಕೆ ಅಷ್ಟು ಬಾಧೆಯಿಲ್ಲ.

ಕೈಗೆಟಕುವ ಎತ್ತರದ ಸಸಿಗಳಿದ್ದರೆ ಅವುಗಳ ಕಡೆ ಮಾತ್ರ ಗಮನ ಕೊಡಿ. ಮೈಯಲ್ಲಿ ಮುಳ್ಳುರೋಮ ಇಲ್ಲದ ಹುಳುವಾದ್ದರಿಂದ ಕೈಯಿಂದಲೇ ಆರಿಸಿ ತೆಗೆಯಬಹುದು. ತುದಿಚಿಗುರನ್ನು ಹುಳು ತಿಂದುಹಾಕಿದ್ದರೆ ಅದರ ಕೆಳಗಿನಿಂದ ಎರಡು ಚಿಗುರುಗಳು ಜೊತೆಯಾಗಿ ಏಳುತ್ತವೆ. ಅವುಗಳಲ್ಲಿ ನೆಟ್ಟಗಿರುವ ಒಂದನ್ನು ಉಳಿಸಿಕೊಂಡು ಇನ್ನೊಂದನ್ನು ಎಳೆಯದಾಗಿರುವಾಗಲೇ ಚಿವುಟಿಬಿಟ್ಟರೆ ಕಾಂಡ ಕವಲೊಡೆಯದೆ ನೇರವಾಗಿ ಬೆಳೆಯುತ್ತದೆ.